ಹೀಟರ್ ಹಚ್ಚೋದು ಯಾವಾಗ? ಬೀದರಿನ ಥಂಡಿಗೆ ಒಂದು ಲೆಕ್ಕ

ಬೀದರಿನಲ್ಲಿ ಹೀಟರ್ ಅಂದರೆ ಮೊದಲು ನೆನಪಾಗುವುದು ಬಕೆಟ್ಟಿಗೆ ಇಳಿಬಿಡುವ ಕಾಯಿಲ್. ಕೋಣೆ ಕಾಯಿಸುವ ಹೀಟರ್ ನಮ್ಮ ಮನೆಗಳಿಗೆ ಬಂದದ್ದು ತಡವಾಗಿ. ಅದೂ ಹೆಚ್ಚಾಗಿ ಮನೆಗೆ ಬಾಣಂತಿ ಬಂದಾಗ, ಇಲ್ಲಾ ಹಿರಿಯರ ಮೊಣಕಾಲು ನೋವು ಜಾಸ್ತಿಯಾದಾಗ. ವರ್ಷದಲ್ಲಿ ಒಂಬತ್ತು ತಿಂಗಳು ಅದು ಅಟ್ಟದ ಮೇಲೆ ಧೂಳು ತಿನ್ನುತ್ತದೆ. ದೀಪಾವಳಿ ಮುಗಿದು ಹತ್ತು ಹದಿನೈದು ದಿನಕ್ಕೆ ಕೆಳಗಿಳಿಯುತ್ತದೆ. ಅಲ್ಲಿಂದ ಜಗಳ ಶುರು. ಒಬ್ಬರು "ಹಚ್ಚು" ಅಂತಾರೆ. ಇನ್ನೊಬ್ಬರು "ಬಿಲ್ ಯಾರ್ ಕಟ್ಟಬೇಕು, ಆರಸು" ಅಂತಾರೆ.

ನಮ್ಮ ಮನೆಯಲ್ಲೂ ಇದೇ ಜಗಳ. ಹೋದ ವರ್ಷ ಬೇಸತ್ತು ಒಂದು ಅಗ್ಗದ ಥರ್ಮಾಮೀಟರ್ ತಂದು ಅವ್ವ ಮಲಗುವ ಕೋಣೆಯ ಗೋಡೆಗೆ ತೂಗುಹಾಕಿದೆ. ಜಗಳ ನಿಂತಿಲ್ಲ. ಈಗ ಅಂಕಿ ಹಿಡಿದುಕೊಂಡು ಜಗಳಾಡುತ್ತೇವೆ, ಅಷ್ಟೇ. ಆದರೆ ಆ ಅಂಕಿ ನೋಡುತ್ತಾ ನೋಡುತ್ತಾ ಒಂದು ವಿಷಯ ತಿಳಿಯಿತು. ನಾವು ಹೀಟರ್ ಹಚ್ಚುತ್ತಿದ್ದದ್ದು ಹೆಚ್ಚಾಗಿ ತಪ್ಪು ಹೊತ್ತಿನಲ್ಲಿ, ತಪ್ಪು ಕಡೆ ಮುಖ ಮಾಡಿ.

ಮೊಬೈಲಿನ 10 ಡಿಗ್ರಿ ನಿಮ್ಮ ಮನೆಯದಲ್ಲ

"ಬೀದರ್ 10 ಡಿಗ್ರಿ" ಅಂತ ಸುದ್ದಿ ಬಂದ ದಿನ ಎಲ್ಲರಿಗೂ ಒಮ್ಮೆಲೇ ಮೈ ನಡುಗುತ್ತದೆ. ಆ ಅಂಕಿ ಅಳೆಯುವುದು ಬಯಲಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ. ಅದೂ ಇಡೀ ದಿನದ ಅತಿ ಥಂಡಿ ಗಳಿಗೆಯದು. ನಮ್ಮ ಕಡೆ ಆ ಗಳಿಗೆ ಬರುವುದು ಹೊತ್ತು ಹುಟ್ಟುವ ಸುಮಾರಿಗೆ, ಅಂದರೆ ಆರೂವರೆ ಏಳರೊಳಗೆ. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ 27-28 ಡಿಗ್ರಿ ಇರುತ್ತದೆ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್. ಹಿಮ ಬೀಳುವ ಊರಿನವರ ಹೀಟರ್ ಲೆಕ್ಕ ನಮಗೆ ಹೊಂದದಿರುವುದು ಇದೇ ಕಾರಣಕ್ಕೆ. ಅಲ್ಲಿ ಹಗಲೂ ಥಂಡಿ, ರಾತ್ರಿಯೂ ಥಂಡಿ. ನಮ್ಮಲ್ಲಿ ಥಂಡಿ ಅಂದರೆ ಕೆಲವು ಗಂಟೆಗಳ ಮಾತು.

ಹಗಲು ರಾತ್ರಿಗೆ ಇಷ್ಟು ಅಂತರ ಯಾಕೆ? ಸಮುದ್ರ ದೂರ. ಡಿಸೆಂಬರ್ ಜನವರಿಯಲ್ಲಿ ಗಾಳಿ ಒಣಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನು ಮೇಲಕ್ಕೆ ಬಿಡುತ್ತದೆ. ಮೋಡ ಇದ್ದರೆ ಅದು ಕೌದಿ ಹೊದಿಸಿದ ಹಾಗೆ ಆ ಕಾವನ್ನು ತಡೆಯುತ್ತದೆ. ಮೋಡ ಇಲ್ಲದಿದ್ದರೆ ಕಾವು ನೇರ ಆಕಾಶಕ್ಕೆ ಹೋಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿ ಮೋಡ ಮುಸುಕಿದಾಗ ಗಮನಿಸಿ. ಹಗಲು ಮಂಕಾಗಿ ಥಂಡಿ ಅನ್ನಿಸುತ್ತದೆ, ಆದರೆ ಬೆಳಗಿನ ಜಾವ ಅಷ್ಟು ಕೊರೆಯುವುದಿಲ್ಲ. ಹಾಗಾಗಿ ನಾಳೆಯ ಥಂಡಿ ತಿಳಿಯಲು ರಾತ್ರಿ ಊಟವಾದ ಮೇಲೆ ಒಮ್ಮೆ ಹೊರಗೆ ಬಂದು ಮೇಲೆ ನೋಡಿದರೆ ಸಾಕು. ಚುಕ್ಕಿಗಳು ನಿಚ್ಚಳವಾಗಿ ಕಂಡು, ಗಾಳಿ ಅಲುಗದೆ ನಿಂತಿದ್ದರೆ ಬೆಳಿಗ್ಗೆ ಕಷ್ಟ ಇದೆ ಅಂತಲೇ ಲೆಕ್ಕ.

ಬೀದರ್ ಎತ್ತರದಲ್ಲಿದೆ, ಅದಕ್ಕೇ ಥಂಡಿ ಜಾಸ್ತಿ ಅನ್ನುವ ಮಾತೂ ಇದೆ. ಅದು ಸ್ವಲ್ಪ ಮಟ್ಟಿಗೆ ಮಾತ್ರ ನಿಜ. ಬೀದರ್ ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿದೆ, ಕಲಬುರಗಿ 450ರ ಆಸುಪಾಸು, ಯಾದಗಿರಿ 400ಕ್ಕೂ ಕೆಳಗೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಆ ಲೆಕ್ಕಕ್ಕೆ ಬೀದರಿಗೂ ಯಾದಗಿರಿಗೂ ಒಂದೂವರೆ ಡಿಗ್ರಿ ಅಂತರ ಬರಬೇಕು, ಅಷ್ಟೇ. ಉಳಿದದ್ದೆಲ್ಲ ನಿಮ್ಮ ಮನೆ ನಿಂತ ಜಾಗದ್ದು. ತಣ್ಣಗಿನ ಗಾಳಿ ಭಾರ. ನೀರಿನ ಹಾಗೆ ತಗ್ಗಿಗೆ ಹರಿದು ಅಲ್ಲಿ ನಿಲ್ಲುತ್ತದೆ. ಹೊಲದ ನಡುವಿನ ಮನೆ, ಹಳ್ಳದ ದಂಡೆಯ ಮನೆ ಬೆಳಗಿನ ಜಾವಕ್ಕೆ ಪೇಟೆಯ ಮನೆಗಿಂತ ತಣ್ಣಗಿರುತ್ತದೆ. ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ ಹೊಲದಲ್ಲೇ ಉಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಿನ್ನೆಯ ಬಿಸಿಲು ಗೋಡೆಯಲ್ಲಿದೆ

ಬೆಳಿಗ್ಗೆ ಆರಕ್ಕೆ ಬಾವಿಯ ನೀರು, ಇಲ್ಲಾ ಈಗಷ್ಟೇ ಬಿಟ್ಟ ಬೋರಿನ ನೀರು ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಮೇಲಿನ ಟ್ಯಾಂಕಿನ ನೀರು ಕೈ ಕೊರೆಯುತ್ತದೆ. ಎರಡೂ ಒಂದೇ ನೀರು. ನೆಲದಾಳದಲ್ಲಿ ಹಗಲು ರಾತ್ರಿಯ ಏರಿಳಿತ ತಲುಪುವುದೇ ಇಲ್ಲ. ಅಲ್ಲಿ ಇಡೀ ವರ್ಷದ ಸರಾಸರಿ ಕಾವು ನಿಂತಿರುತ್ತದೆ. ಅದೇ ನೀರು ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ.

ದಪ್ಪ ಗೋಡೆಯೂ ಇದೇ ಕೆಲಸವನ್ನು ಸಣ್ಣದಾಗಿ ಮಾಡುತ್ತದೆ. ಹೊರಗಿನ ಬಿಸಿಲು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ದಾಟಿ ಒಳಗೆ ಬರಲು ಆರೇಳು ಗಂಟೆ ಹಿಡಿಯುತ್ತದೆ. ಬೀದರಿನ ಹಳೆಯ ಓಣಿಗಳಲ್ಲಿ ಇರುವ ಕೆಂಪು ಜಂಬಿಟ್ಟಿಗೆ ಕಲ್ಲಿನ ಎರಡಡಿ ಗೋಡೆಗೆ ಇನ್ನೂ ಹೆಚ್ಚು. ಮಧ್ಯಾಹ್ನದ ಬಿಸಿಲು ಅಲ್ಲಿ ನಡುರಾತ್ರಿ ದಾಟಿದ ಮೇಲೆ ಒಳಗೆ ಬರುತ್ತದೆ, ಬೇಕಾದಾಗಲೇ ಬರುತ್ತದೆ. ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರು "ನಮ್ಮ ಕಾಲದಾಗ ಇಷ್ಟ್ ಥಂಡಿ ಇರಲಿಲ್ಲ" ಅಂದರೆ ನಗಬೇಡಿ. ಹೊರಗೆ ಇತ್ತು, ಒಳಗೆ ಇರಲಿಲ್ಲ.

ಸ್ಲ್ಯಾಬಿನ ಮನೆಯ ಕಥೆ ಬೇರೆ. ಐದಾರು ಇಂಚಿನ ಸ್ಲ್ಯಾಬು ಸಂಜೆಗೆ ಬಿಸಿ ಬಿಡುತ್ತದೆ, ನಡುರಾತ್ರಿಗೆಲ್ಲ ಅದರ ಕಾವು ಖಾಲಿ. ಆಮೇಲೆ ಇಡೀ ರಾತ್ರಿ ತಿಳಿ ಆಕಾಶಕ್ಕೆ ಮುಖ ಮಾಡಿ ಮಲಗಿರುತ್ತದೆ. ಮೇಲಿನ ಮಹಡಿಯವರಿಗೆ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುವುದು, ಕೆಳಗಿನವರು ಏಳರವರೆಗೆ ಮಲಗುವುದು ಇದಕ್ಕೇ. ತಗಡಿನ ಮನೆಯವರ ಪಾಡಂತೂ ಕೇಳಬೇಡಿ. ತಗಡು ಏನನ್ನೂ ಹಿಡಿದಿಡುವುದಿಲ್ಲ. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಒಳಗೂ ಹೊರಗೂ ಒಂದೇ.

ಇದರಿಂದ ಕಿಟಕಿಯ ಲೆಕ್ಕ ತಾನಾಗಿ ಬರುತ್ತದೆ. ಹೊರಗೆ ಒಳಗಿಗಿಂತ ಬೆಚ್ಚಗಿದ್ದಾಗ ಕಿಟಕಿ ತೆಗೆಯಬೇಕು, ತಣ್ಣಗಿದ್ದಾಗ ಮುಚ್ಚಬೇಕು. ಚಳಿಗಾಲದಲ್ಲಿ ತೆಗೆಯುವ ಹೊತ್ತು ಸುಮಾರು ಹನ್ನೊಂದರಿಂದ ನಾಲ್ಕೂವರೆ. ಸೊಳ್ಳೆಗೆ ಹೆದರಿ ಸಂಜೆ ಐದಕ್ಕೆ ಕಿಟಕಿ ಹಾಕುವ ನಮ್ಮ ಅಭ್ಯಾಸ ಇಲ್ಲಿ ತಾನಾಗಿಯೇ ಸರಿ ಹೊಂದುತ್ತದೆ. ಪರದೆಯ ವಿಷಯದಲ್ಲಿ ಮಾತ್ರ ನಾವು ಉಲ್ಟಾ. ಬೇಸಿಗೆಯಲ್ಲಿ ಎಳೆದ ದಪ್ಪ ಪರದೆಯನ್ನು ಜನವರಿಯ ಹಗಲಲ್ಲೂ ಹಾಗೇ ಬಿಡುತ್ತೇವೆ.

ದಕ್ಷಿಣದ ಕಿಟಕಿ ಇದ್ದವರು ಪುಣ್ಯವಂತರು. ಡಿಸೆಂಬರ್ ಕೊನೆಗೆ ನಮ್ಮ ಕಡೆ ಸೂರ್ಯ ಪೂರ್ವದಿಂದ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ನಡುಮಧ್ಯಾಹ್ನದಲ್ಲೂ 49 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಹಾಗಾಗಿ ಬಿಸಿಲು ಸಜ್ಜಾದ ಕೆಳಗಿಂದ ತೂರಿ ಒಳಗೆ ನೆಲದ ತನಕ ಬರುತ್ತದೆ. ಮೇ ತಿಂಗಳಲ್ಲಿ ಅದೇ ಸೂರ್ಯ ನೆತ್ತಿಯ ಮೇಲೆ ನಿಂತು ಮಾಳಿಗೆ ಸುಡುತ್ತಾನೆ, ದಕ್ಷಿಣದ ಕಿಟಕಿಗೆ ಕೈ ಹಾಕುವುದಿಲ್ಲ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಯಿಂದ ಬರುವ ಈ ಬಿಸಿಲು ಒಂದು ಸಣ್ಣ ಹೀಟರಿನಷ್ಟು ಕಾವು ತರುತ್ತದೆ. ಬಿಲ್ ಇಲ್ಲದ ಹೀಟರ್. ಪರದೆ ಸರಿಸಿದರೆ ಆಯ್ತು.

ಬೆಳಗಿನ ಬಾಗಿಲಿನದೂ ಒಂದು ಮಾತು. ಅವ್ವ ಆರಕ್ಕೆ ಎದ್ದು ಮುಂಬಾಗಿಲು ಹಿಂಬಾಗಿಲು ಎರಡೂ ಹಾರುಹೊಡೆಯುತ್ತಾಳೆ, ಲಕ್ಷ್ಮಿ ಬರಲಿ ಅಂತ. ಬರುವುದು ಥಂಡಿ. ಆದರೆ ಥರ್ಮಾಮೀಟರ್ ಅವ್ವನ ಪರವೇ ನಿಂತಿತು. ಐದು ನಿಮಿಷ ತೆಗೆದು ಕಸ ಗುಡಿಸಿ ಮುಚ್ಚಿದರೆ ಅಂಕಿ ಸ್ವಲ್ಪ ಇಳಿದು ಬೇಗ ಮತ್ತೆ ಏರುತ್ತದೆ. ಕಾವು ಇರುವುದು ಗಾಳಿಯಲ್ಲಲ್ಲ, ಗೋಡೆಯಲ್ಲಿ. ಎಂಟರವರೆಗೆ ತೆಗೆದೇ ಇಟ್ಟರೆ ಮಾತ್ರ ಗೋಡೆಯೂ ಸೋಲುತ್ತದೆ.

ಹೀಟರ್ ಯಾರನ್ನು ಕಾಯಿಸುತ್ತದೆ

ಈಗ ಹೀಟರಿನ ಲೆಕ್ಕ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಹತ್ತಡಿ ಎತ್ತರ ಅಂದುಕೊಳ್ಳಿ. ಅದರೊಳಗಿನ ಗಾಳಿಯ ತೂಕ ಸುಮಾರು 40 ಕಿಲೋ. ಆ ಗಾಳಿಯನ್ನು 5 ಡಿಗ್ರಿ ಏರಿಸಲು ಬೇಕಾಗುವುದು ಒಂದು ಯೂನಿಟ್ಟಿನ ಸುಮಾರು ಹದಿನೆಂಟನೇ ಒಂದು ಪಾಲು. 1000 ವ್ಯಾಟಿನ ಹೀಟರ್ ನಾಲ್ಕು ನಿಮಿಷದೊಳಗೆ ಮುಗಿಸುವ ಕೆಲಸ.

ಹಾಗಾದರೆ ಒಂದು ಗಂಟೆ ಉರಿದರೂ ಕೋಣೆ ಯಾಕೆ ಬೆಚ್ಚಗಾಗುವುದಿಲ್ಲ? ಗೋಡೆ ಕುಡಿಯುತ್ತದೆ. ಅದೇ ಕೋಣೆಯ ನಾಲ್ಕು ಇಟ್ಟಿಗೆ ಗೋಡೆಗಳನ್ನು ಪೂರ್ತಿ 5 ಡಿಗ್ರಿ ಏರಿಸಬೇಕೆಂದರೆ 15 ಯೂನಿಟ್ಟಿಗೂ ಹೆಚ್ಚು ಬೇಕು. ಸ್ಲ್ಯಾಬು, ನೆಲ ಬೇರೆ. ಅಷ್ಟು ಕಾವನ್ನು ಕರೆಂಟಿನಿಂದ ತುಂಬುವುದು ನಮ್ಮ ಕೈಲಾಗದ ಮಾತು. ಅದನ್ನು ಸೂರ್ಯನಿಗೇ ಬಿಡಬೇಕು.

ಹಾಗಾಗಿ ಹೀಟರ್ ಕೋಣೆಗಲ್ಲ, ಮನುಷ್ಯರಿಗೆ. ಕೆಂಪಗೆ ಉರಿಯುವ ರಾಡು ಅಥವಾ ಹ್ಯಾಲೋಜನ್ ಹೀಟರ್ ಎದುರಿಗೆ ಕೂತವರ ಮೈಯನ್ನೇ ನೇರವಾಗಿ ಕಾಯಿಸುತ್ತದೆ. ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಕಾಯಿಸಿಕೊಂಡ ಹಾಗೆ: ಎದುರಿಗೆ ಬಿಸಿ, ಬೆನ್ನಿಗೆ ಥಂಡಿ. ಇದನ್ನು ಕೋಣೆಯ ಮೂಲೆಯಲ್ಲಿಟ್ಟು ಗೋಡೆಗೆ ಮುಖ ಮಾಡಿದರೆ ಸುಮ್ನೆ ದಂಡ. ಬ್ಲೋವರ್ ಗಾಳಿ ಕಾಯಿಸುತ್ತದೆ. ಕೂಸಿನ ಸ್ನಾನಕ್ಕೆ, ಬಟ್ಟೆ ಬದಲಿಸಲು ಹತ್ತು ನಿಮಿಷಕ್ಕೆ ಒಳ್ಳೆಯದು. ಎಣ್ಣೆ ತುಂಬಿದ ಹೀಟರ್ ನಿಧಾನ, ಆದರೆ ಉರಿ ಕಾಣುವುದಿಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ತಾಸುಗಟ್ಟಲೆ ಇಡಲು ಸರಿ. "ಎಣ್ಣೆ ಹೀಟರಿಗೆ ಕರೆಂಟ್ ಕಡಿಮೆ" ಅಂತ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಒಂದು ಯೂನಿಟ್ಟಿನಿಂದ ಸಿಗುವ ಕಾವು ಈ ಮೂರರಲ್ಲೂ ಅಷ್ಟೇ. ಬೇರೆಯಾಗಿರುವುದು ಬಿಸಿ ಮಾಡುವ ಏಸಿ ಒಂದೇ. ಅದು ಕಾವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎಳೆದು ತರುತ್ತದೆ. ಹಾಗಾಗಿ ಅದೇ ಯೂನಿಟ್ಟಿಗೆ ಸುಮಾರು ಮೂರು ಪಟ್ಟು ಕಾವು ಕೊಡುತ್ತದೆ. ಬೇಸಿಗೆಗೆಂದು ಏಸಿ ಕೊಳ್ಳುವವರು ಆಗಲೇ ಇದನ್ನು ಯೋಚಿಸಬಹುದು.

ಇನ್ನು ಹಾಸಿಗೆ. ಮಲಗಿರುವ ಒಬ್ಬ ಮನುಷ್ಯನ ಮೈಯಿಂದ 70-80 ವ್ಯಾಟಿನಷ್ಟು ಕಾವು ಬರುತ್ತಲೇ ಇರುತ್ತದೆ. ಒಂದೇ ಕೋಣೆಯಲ್ಲಿ ನಾಲ್ವರು ಮಲಗಿದರೆ 300 ವ್ಯಾಟಿನ ಹೀಟರ್ ರಾತ್ರಿಯೆಲ್ಲ ಉರಿದ ಹಾಗೆ. ಕೌದಿಯ ಕೆಲಸ ಆ ಕಾವನ್ನು ಹೊರಗೆ ಬಿಡದಿರುವುದು. ಹಳೆ ಸೀರೆಗಳ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಅದನ್ನು ತಡೆಯುತ್ತದೆ. ಒಂದು ದಪ್ಪ ರಗ್ಗಿಗಿಂತ ಒಂದು ಕೌದಿ, ಅದರ ಮೇಲೊಂದು ಸೊಲ್ಲಾಪುರ ಚಾದರ ವಾಸಿ. ಕೆಳಗಿಂದ ಹೋಗುವ ಕಾವನ್ನು ಮಾತ್ರ ನಾವು ಮರೆಯುತ್ತೇವೆ. ಶಹಾಬಾದ್ ಫರಸಿಯ ಮೇಲೆ ಚಾಪೆ ಹಾಸಿ ಮಲಗಿದರೆ ಮೇಲೆ ಎಷ್ಟು ಹೊದ್ದರೂ ಅಷ್ಟೇ. ಫರಸಿಯೂ ಅದರ ಮೇಲಿನ ಜಮಖಾನವೂ ಒಂದೇ ತಾಪಮಾನದಲ್ಲಿ ಇರುತ್ತವೆ. ಆದರೆ ಕಲ್ಲು ಮೈಯ ಕಾವನ್ನು ಬೇಗ ಎಳೆಯುತ್ತದೆ, ಬಟ್ಟೆ ಎಳೆಯುವುದಿಲ್ಲ.

ಹಚ್ಚುವ ಹೊತ್ತು

ಹೀಟರಿನ ನಿರ್ಧಾರ ನಾನು ಮಾಡುವುದು ಬೆಳಿಗ್ಗೆ ಆರು ಗಂಟೆಯ ಒಳಗಿನ ಅಂಕಿ ನೋಡಿ. ಇಂದಿನ ಅಂಕಿ ನಾಳೆಗೆ ದಾರಿ ತೋರಿಸುತ್ತದೆ, ಗೋಡೆಯ ಕಾವು ಒಂದು ದಿನಕ್ಕೆ ಬದಲಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮನೆ ಮತ್ತು ಆರೋಗ್ಯದ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ ಚಳಿ ದೇಶಗಳ ಮನೆಯೊಳಗೆ 18 ಡಿಗ್ರಿ ಇರಬೇಕು ಎಂದಿದೆ. ಕೂಸು, ವಯಸ್ಸಾದವರು, ಕಾಯಿಲೆ ಇರುವವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಅದು ನಮ್ಮಂಥ ಬಿಸಿಲೂರಿಗೆ ಬರೆದದ್ದಲ್ಲ. ಆದರೂ ಗೆರೆ ಎಳೆಯಲು ಒಂದು ಅಂಕಿ ಬೇಕಲ್ವಾ? ನಮ್ಮ ಮನೆಯಲ್ಲಿ ಹೀಗೆ ಇಟ್ಟುಕೊಂಡಿದ್ದೇವೆ: 20ಕ್ಕಿಂತ ಮೇಲಿದ್ದರೆ ಹೀಟರ್ ಮಾತೇ ಇಲ್ಲ. 18ರಿಂದ 20ರವರೆಗೆ ಅವ್ವನ ಕೋಣೆಗೆ ಮಾತ್ರ, ಬೆಳಿಗ್ಗೆ ಅರ್ಧ ತಾಸು. 18ಕ್ಕಿಂತ ಇಳಿದರೆ ಅವ್ವ ಬೇಡ ಅಂದರೂ ಹಚ್ಚುತ್ತೇವೆ.

"ಅವ್ವ ಬೇಡ ಅಂದರೂ" ಅಂತ ಬರೆದದ್ದಕ್ಕೆ ಕಾರಣವಿದೆ. "ನಂಗೇನ್ ಥಂಡಿ ಆಗಂಗಿಲ್ಲ, ಬ್ಯಾಡ ತಗಿ" ಅನ್ನುವುದು ಬರೀ ಬಿಲ್ಲಿನ ಚಿಂತೆಯಲ್ಲ. ವಯಸ್ಸಾದಂತೆ ಥಂಡಿ ಗೊತ್ತಾಗುವುದೇ ಕಡಿಮೆಯಾಗುತ್ತದೆ. ಮೈಗೆ ಮಾತ್ರ ಗೊತ್ತಾಗುತ್ತದೆ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ಬೆಚ್ಚಗಿನ ಹಾಸಿಗೆಯಿಂದ ಎದ್ದು ಥಂಡಿ ಬಚ್ಚಲಿಗೆ ಹೋಗುವ ಆ ಐದು ನಿಮಿಷವೇ ಹಿರಿಯರಿಗೆ ಕಷ್ಟದ್ದು. ಹೀಟರ್ ಬೇಕಾದದ್ದು ಆಗ. ಐದೂವರೆಗೆ ಹಚ್ಚಿ, ಅವರು ಎದ್ದು ಬಿಸಿ ಚಹಾ ಕುಡಿದು ಸ್ನಾನ ಮುಗಿಸುವ ತನಕ ಇಟ್ಟರೆ ಸಾಕು. ಎಂಟಕ್ಕೆ ಬಿಸಿಲಿಗೆ ಕುರ್ಚಿ ಹಾಕಿದರೆ ಮುಂದಿನದು ಸೂರ್ಯನ ಕೆಲಸ.

ನಾವು ಮೊದಲು ಮಾಡುತ್ತಿದ್ದದ್ದು ಇದರ ಉಲ್ಟಾ. ರಾತ್ರಿ ಎಂಟಕ್ಕೆ ಟಿವಿ ಮುಂದೆ ಕೂತು ಹೀಟರ್ ಹಚ್ಚುತ್ತಿದ್ದೆವು. ಆಗ ಗೋಡೆ ಇನ್ನೂ ಹಗಲಿನ ಕಾವು ಬಿಡುತ್ತಿರುತ್ತದೆ. ಒಂದು ಸ್ವೆಟರಿಗೆ ಮುಗಿಯುವ ಥಂಡಿ ಅದು.

ಎಳೆಗೂಸಿನ ಮನೆಯಲ್ಲಿ ಗೆರೆ ಇನ್ನೂ ಮೇಲಿರಬೇಕು. ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿ ಇರಬೇಕು ಅಂತ ವೈದ್ಯರು ಹೇಳುವುದು, ಹಸುಗೂಸಿನ ಮೈ ಕಾವು ಬೇಗ ಕಳೆದುಕೊಳ್ಳುತ್ತದೆ ಅನ್ನುವ ಕಾರಣಕ್ಕೆ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸಿ ಮೇಲೆ ಹೊದಿಸುವುದಕ್ಕಿಂತ ಒಳ್ಳೆಯ ಹೀಟರ್ ಕೂಸಿಗೆ ಇಲ್ಲ. ತಲೆಗೆ ಕುಲಾಯಿ ಬೇಕೇ ಬೇಕು. ಹೀಟರಿನ ಮೇಲೆ ಕೂಸಿನ ಬಟ್ಟೆ ಒಣಗಿಸುವುದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ದಯವಿಟ್ಟು ಬೇಡ. ಮೂರಡಿ ಒಳಗೆ ಬಟ್ಟೆ, ಹಾಸಿಗೆ, ಪರದೆ ಯಾವುದೂ ಇರಬಾರದು.

ಹೀಟರ್ ಹಚ್ಚಿದರೆ ತುಟಿ ಒಡೆಯುತ್ತದೆ ಅನ್ನುವವರ ಮಾತೂ ನಿಜವೇ. 12 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ. 60 ಇದ್ದರೆ, ಅದನ್ನೇ 20ಕ್ಕೆ ಕಾಯಿಸಿದಾಗ ಶೇ. 36ರ ಹತ್ತಿರ ಇಳಿಯುತ್ತದೆ. ನೀರು ಎಲ್ಲಿಗೂ ಹೋಗಿಲ್ಲ. ಬಿಸಿ ಗಾಳಿಗೆ ದಾಹ ಜಾಸ್ತಿ. ಮೂಲೆಯಲ್ಲಿ ಒಂದು ಬಟ್ಟಲು ನೀರಿಟ್ಟರೆ ಅದಕ್ಕೆ ಸಾಲುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಹೀಟರ್ ಬೇಗ ಆರಿಸಿ.

ಕೆಂಡ ಬೇಡ

ಬಾಣಂತಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ನಮ್ಮ ಕಡೆ ಹಳೆಯ ಪದ್ಧತಿ. ಮಾಳಿಗೆ ಮನೆಯಲ್ಲಿ ಬೆಳಕಿಂಡಿ ಇರುತ್ತಿತ್ತು, ಬಾಗಿಲ ಸಂದಿ ಇರುತ್ತಿತ್ತು. ಈಗಿನ ಕೋಣೆಗೆ ಅಲ್ಯೂಮಿನಿಯಂ ಕಿಟಕಿ, ಬಿಗಿಯಾದ ಬಾಗಿಲು. ಹೊಗೆ ನಿಂತ ಕೆಂಡ ಅಪಾಯವಿಲ್ಲ ಅಂತ ಜನ ತಿಳಿದಿದ್ದಾರೆ. ಹೊಗೆ ನಿಂತ ಮೇಲೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದು ಕೂತುಬಿಡುತ್ತದೆ. ತಲೆ ಭಾರ, ವಾಂತಿ ಬಂದ ಹಾಗೆ, ನಿದ್ದೆ. ಆ ನಿದ್ದೆಯಿಂದ ಏಳುವುದೇ ಇಲ್ಲ. ಲೋಬಾನ ಹಾಕಿದರೆ ಬಾಗಿಲು ಕಿಟಕಿ ತೆಗೆದು ಹಾಕಿ. ಕೆಂಡವನ್ನು ಮಲಗುವ ಮುಂಚೆ ಅಂಗಳಕ್ಕೆ ಒಯ್ದು ನೀರು ಸುರಿಯಿರಿ. ಕೆಂಡಕ್ಕೆ ಬೂದಿ ಮುಚ್ಚಿ ಕೋಣೆಯಲ್ಲೇ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಬಿಲ್ಲಿನ ಜಗಳ

1000 ವ್ಯಾಟ್, ಒಂದು ಗಂಟೆ, ಒಂದು ಯೂನಿಟ್. ದಿನಕ್ಕೆ ಒಂದು ತಾಸು ಹಚ್ಚಿದರೆ ತಿಂಗಳಿಗೆ 30 ಯೂನಿಟ್, ಎರಡು ತಾಸಾದರೆ 60. ಇದನ್ನು ದರಕ್ಕೆ ಗುಣಿಸಿ ಮುಗಿಸಬಹುದಿತ್ತು, ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಇರದಿದ್ದರೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ಸಿಕ್ಕ ಈ ಯೋಜನೆಯಲ್ಲಿ ಪ್ರತಿ ಮನೆಗೂ ಒಂದು ಮಿತಿ ಇದೆ. ಅದನ್ನು 2022-23ರ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿ ಇಟ್ಟಿದ್ದಾರೆ. ಮಿತಿ ದಾಟಿದರೂ 200ರ ಒಳಗಿದ್ದರೆ ದಾಟಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ತಿಂಗಳಿಗೆ 150 ಯೂನಿಟ್ ಸುಡುವ ಮನೆ ದಿನಕ್ಕೊಂದು ತಾಸು ಹೀಟರ್ ಹಚ್ಚಿದರೆ 180. ಎರಡು ತಾಸು ಹಚ್ಚಿದರೆ 210. ಆ ಎರಡನೇ ತಾಸೇ ತುಟ್ಟಿ. ಅದನ್ನು ಉಳಿಸಲು ಹೀಟರ್ ಒಂದನ್ನೇ ನೋಡಬೇಡಿ. ಬಕೆಟ್ಟಿನ ಕಾಯಿಲ್ ಕೂಡ 1000 ಇಲ್ಲಾ 1500 ವ್ಯಾಟಿನದೇ. ಬೋರಿನ ಹೊಸ ನೀರು ಹಿಡಿದು ಕಾಯಿಸಿದರೆ ಅದರ ಕೆಲಸ ಅಷ್ಟು ಕಡಿಮೆ.

ಪ್ಲಗ್ಗಿನ ಬಗ್ಗೆಯೂ ಹುಷಾರು. 2000 ವ್ಯಾಟಿನ ಹೀಟರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗು ಐದಾರು ಆಂಪಿಯರಿನದು. ದೊಡ್ಡ ಪವರ್ ಪ್ಲಗ್ಗಿಗೇ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ನಮ್ಮ ಮನೆಯದು ಒಮ್ಮೆ ಕರಗಿ ಕರ್ರಗಾದದ್ದನ್ನು ಅವ್ವ ಇನ್ನೂ ಎತ್ತಿಟ್ಟಿದ್ದಾಳೆ, ನನಗೆ ತೋರಿಸಲು.

ನಿಲ್ಲಿಸುವುದು ಯಾವಾಗ ಅನ್ನುವುದಕ್ಕೂ ಆರು ಗಂಟೆಯ ಅಂಕಿಯೇ ಸಾಕು. ಸತತ ನಾಲ್ಕು ದಿನ 20 ದಾಟಿತು ಅಂದರೆ ಮುಗಿಯಿತು. ಸಂಕ್ರಾಂತಿ ಕಳೆದ ಮೇಲೆ ಅಂಕಿ ಒಮ್ಮೆ ಏರಿ ಮತ್ತೆ ಇಳಿದು ಆಟ ಆಡಿಸುತ್ತದೆ, ಹಾಗಾಗಿ ಒಂದು ದಿನದ ಮಾತು ನಂಬುವುದಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುವ ಗಾದೆಯೂ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಮ್ಮ ಹೀಟರ್ ಅಟ್ಟ ಏರುತ್ತದೆ. ಏರುವ ಮುಂಚೆ ರಾಡಿನ ಧೂಳು ಒರೆಸಿ, ವಯರ್ ಎಲ್ಲಾದರೂ ಸೀಳಿದೆಯಾ ನೋಡಿ ಸುತ್ತಿಡುತ್ತೇನೆ. ಅದೇ ಏಣಿಯಿಂದ ಕೂಲರ್ ಕೆಳಗಿಳಿಯುತ್ತದೆ.